ಕಾಲಂ ಹಿಡಿಯದ ಪೀಕಿಗೆ ಗ್ರೇಡಿಯಂಟ್ ಏನು ಮಾಡೀತು?

ಬದಿಯಡ್ಕ, ಪೆರ್ಲದ ಕಡೆಯಿಂದ ಬರುವ ಚಾಲಿ ಅಡಿಕೆಯ ಆಲ್ಕಲಾಯ್ಡ್‌ಗಳನ್ನು (ಸಾರಜನಕವಿರುವ ಸಸ್ಯಜನ್ಯ ರಾಸಾಯನಿಕಗಳನ್ನು) ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆಯುವುದು ಕಾಸರಗೋಡಿನ ನಮ್ಮ ಲ್ಯಾಬಿನ ಕೆಲಸಗಳಲ್ಲೊಂದು. ಅದರಲ್ಲಿ ದ್ರಾವಕವು ಮಾದರಿಯನ್ನು ಕಣ ತುಂಬಿದ ಕೊಳವೆಯ, ಅಂದರೆ ಕಾಲಮಿನ, ಮೂಲಕ ಒಯ್ಯುತ್ತದೆ; ಒಂದೊಂದು ವಸ್ತು ಒಂದೊಂದು ಹೊತ್ತು ತಡೆದು ಹೊರಬಂದಾಗ ಗ್ರಾಫಿನಲ್ಲಿ ಏಳುವ ಏರೇ ಪೀಕು. ಆಲ್ಕಲಾಯ್ಡ್‌ಗಳಲ್ಲಿ ಅರೆಕೊಲಿನ್ ಮಾತ್ರ ಕೇಳುತ್ತಿದ್ದಾಗ ಇದ್ದ ಸಿ18 ಕಾಲಂ (ಕಣಗಳ ಮೈಮೇಲೆ 18 ಇಂಗಾಲದ ಸರಪಳಿಗಳಿರುವುದು) ಹೇಗೋ ಸಾಕಾಗುತ್ತಿತ್ತು. ಅರೆಕೈಡಿನ್, ಗುವಾಸಿನ್ ಎಂಬ ಇನ್ನೆರಡರ ಅಂಕಿಯೂ ಬೇಕೆಂದಾಗ ಕಷ್ಟ ಶುರುವಾಯಿತು.

150 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸದ ಕಾಲಮಿನಲ್ಲಿ ನಿಮಿಷಕ್ಕೆ 1 ಮಿ.ಲೀ. ಹರಿವಿಟ್ಟರೆ, ಎಲ್ಲೂ ತಡೆಯದ ವಸ್ತು ಸುಮಾರು 1.6 ನಿಮಿಷಕ್ಕೆ ಹೊರಬರುತ್ತದೆ. ಈ ಹೊಸ ಎರಡು ಪೀಕುಗಳೂ ಅಲ್ಲೇ, ಸಾಲ್ವೆಂಟ್ ಫ್ರಂಟಿಗೆ (ತಡೆಯಿಲ್ಲದೆ ಮೊದಲು ಹೊರಬರುವ ದ್ರಾವಕದ ಅಲೆಗೆ) ಅಂಟಿಕೊಂಡೇ ಬರುತ್ತಿದ್ದವು. ಹೊಸ ಕಾಲಮಿನ ಇಂಡೆಂಟ್ ಪಾಸಾಗುವುದು ಯಾವಾಗಲೋ, ಇರುವುದರಲ್ಲೇ ಗ್ರೇಡಿಯಂಟ್ (ಓಟದ ನಡುವೆ ದ್ರಾವಕದ ಮಿಶ್ರಣ ಬದಲಿಸುತ್ತ ಹೋಗುವ ಕ್ರಮ) ತಿದ್ದಿ ಎಂಬುದು ಮೇಲಿನವರ ಮಾತು. ಅಂಟಿದ್ದನ್ನು ಕಾಲಮಿನಿಂದ ಬಿಡಿಸುವ ದ್ರಾವಕ ಅಸಿಟೋನೈಟ್ರೈಲ್; ನೀರಿನಲ್ಲಿ ಅದರ ಆರಂಭದ ಪಾಲನ್ನು ಶೇ. 5ರಿಂದ 2ಕ್ಕೆ, ಕೊನೆಗೆ ಸೊನ್ನೆಗೆ ಇಳಿಸಿದೆವು. ರಾತ್ರಿ ಪಂಪ್ ನಿಲ್ಲಿಸಿ ಬೆಳಿಗ್ಗೆ ಸ್ಟ್ಯಾಂಡರ್ಡ್ (ಅಳತೆ ಗೊತ್ತಿರುವ ಶುದ್ಧ ದ್ರಾವಣ) ಇಂಜೆಕ್ಟ್ ಮಾಡಿದರೆ, ಪ್ರೆಶರ್ ಸರಿಯಿದೆ, ಬೇಸ್‌ಲೈನ್ ನೆಟ್ಟಗಿದೆ, ಆದರೆ ಅರೆಕೊಲಿನ್ ಕೂಡ ತನ್ನ ಜಾಗ ಬಿಟ್ಟು ಫ್ರಂಟಿನತ್ತ ಜಾರಿದೆ. "ಸರ್, ವಯಲ್ ಅದಲುಬದಲಾಗಿದೆಯೋ ನೋಡಲಾ?" ಎಂದರು ಜೊತೆಗಿದ್ದ ಕಿರಿಯ ಅನಾಲಿಸ್ಟ್. ವಯಲ್ ಸರಿಯಾಗಿಯೇ ಇತ್ತು. ಪೂರ್ತಿ ನೀರಿನಲ್ಲಿ ಹರಿವು ನಿಂತರೆ ಸಾಮಾನ್ಯ ಸಿ18 ಕಣಗಳ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಸರಿಯುತ್ತದೆ. ಆಮೇಲೆ ಅಣುಗಳು ಒಳಹೊಕ್ಕು ನಿಲ್ಲಲು ದಾರಿಯೇ ಇರುವುದಿಲ್ಲ. ಅರ್ಧಕ್ಕರ್ಧ ಅಸಿಟೋನೈಟ್ರೈಲ್ ಬೆರೆಸಿದ ನೀರಿನಲ್ಲಿ ತೊಳೆದ ಮೇಲೆ ಅರೆಕೊಲಿನ್ ಮರಳಿತು, ಉಳಿದೆರಡು ಕದಲಲಿಲ್ಲ.

ಕಾಲಂ ಹಿಡಿದಿಟ್ಟದ್ದನ್ನು ಹೊತ್ತುಹೊತ್ತಿಗೆ ಬಿಡಿಸುವುದಷ್ಟೇ ಗ್ರೇಡಿಯಂಟಿನ ಕೆಲಸ. ಅರೆಕೈಡಿನ್, ಗುವಾಸಿನ್‌ಗಳು ಅಮೈನೋ ಆಮ್ಲಗಳಂತೆ ಧನ, ಋಣ ಎರಡೂ ವಿದ್ಯುದಂಶ ಹೊತ್ತ ಅಣುಗಳಾದ್ದರಿಂದ ಅವು ಸಿ18ರ ಎಣ್ಣೆಯಂಥ ಮೈಗೆ ಒಲಿಯುವುದಿಲ್ಲ. ಇದನ್ನು ಮೆಥಡ್ ಬರೆಯುವ ಮೊದಲೇ, ಅಣುವಿನ ರಚನೆಯನ್ನು ಮುಂದಿಟ್ಟುಕೊಂಡು ನೋಡಬೇಕು. ಕೊನೆಗೆ ಕೆಲಸ ಆದದ್ದು ಧನ ವಿದ್ಯುದಂಶವನ್ನು ಹಿಡಿದಿಡುವ, ಸಲ್ಫೋನಿಕ್ ಗುಂಪಿನ ಕ್ಯಾಟಯಾನ್ ಎಕ್ಸ್‌ಚೇಂಜ್ ಕಾಲಮಿನಲ್ಲಿ, ಆಮ್ಲೀಯ ಫಾಸ್ಫೇಟ್ ಬಫರಿನಲ್ಲಿ, ಅದೂ ಐಸೊಕ್ರ್ಯಾಟಿಕ್ ಆಗಿ, ಅಂದರೆ ಮಿಶ್ರಣವನ್ನು ನಡುವೆ ಬದಲಿಸದೆಯೇ. ತಿದ್ದಬೇಕಾಗಿ ಬಂದದ್ದು ಪಿಎಚ್ ಮತ್ತು ಉಪ್ಪಿನ ಸಾಂದ್ರತೆ ಮಾತ್ರ. ಪಂಪಿನ ಸೀಲಿನ ಸುತ್ತ ಬಿಳಿ ಉಪ್ಪು ಕಟ್ಟದಂತೆ ಸಂಜೆ ಬಫರನ್ನು ನೀರಿನಲ್ಲಿ ತೊಳೆಯುವುದನ್ನು ಮಾತ್ರ ತಪ್ಪಿಸುವಂತಿಲ್ಲ.

ಈ ಪೀಕುಗಳು ಬೇರೆಯಾಗಲೇಬೇಕಿತ್ತು. ಅಮೋನಿಯ ಹಾಕಿ ಕ್ಷಾರೀಯವಾದ ಅಡಿಕೆಯ ಎಕ್ಸ್‌ಟ್ರ್ಯಾಕ್ಟನ್ನು (ಸಾರವನ್ನು) ಹಾಗೆಯೇ ಇಟ್ಟರೆ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ. ಆ ಪೀಕು ಫ್ರಂಟಿನಲ್ಲಿ ಮುಳುಗಿದ್ದರೆ ಅದು ಅಡಿಕೆಯೊಳಗಿನದೋ, ನಮ್ಮ ಮೇಜಿನ ಮೇಲೆ ಹುಟ್ಟಿದ್ದೋ ತಿಳಿಯುವುದೇ ಇಲ್ಲ. ಈಗ ಪ್ರತಿ ಬ್ಯಾಚಿನಲ್ಲಿ ಶುದ್ಧ ಅರೆಕೊಲಿನನ್ನೂ ಅದೇ ಕ್ರಮದಲ್ಲಿ ಎಕ್ಸ್‌ಟ್ರ್ಯಾಕ್ಟ್ ಮಾಡಿ, ಅರೆಕೈಡಿನ್ ಜಾಗದಲ್ಲಿ ಏನಾದರೂ ಏಳುತ್ತದೆಯೇ ಎಂದು ನೋಡಿದ ಮೇಲೆಯೇ ವರದಿಗೆ ಸಹಿ ಹಾಕುತ್ತೇವೆ.