ಲಂಗ್ಸ್ ಸ್ಟ್ರಾಂಗ್ ಇದ್ದರೆ ಲೇಹ್‌ನಲ್ಲಿ ಏನೂ ಆಗಲ್ವಂತೆ, ಹೌದಾ?

ಇಲ್ಲ. ಆಗುತ್ತದೆ.

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಫೋನಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಶುರುವಾಗುತ್ತದೆ. ನಾನು ಶ್ವಾಸಕೋಶದ ರಕ್ತನಾಳಗಳ ಜೀವಕೋಶಗಳ ಮೇಲೆ ಕೆಲಸ ಮಾಡುವವಳು. ಆಮ್ಲಜನಕ ಏರಿದಾಗ, ಇಳಿದಾಗ ಅವು ಏನು ಮಾಡುತ್ತವೆ ಎಂದು ನೋಡುವುದೇ ನನ್ನ ಉದ್ಯೋಗ. ಅದು ಗೊತ್ತಾದ ಮೇಲೆ ಲಡಾಖಿಗೆ ಟಿಕೆಟ್ ಬುಕ್ ಮಾಡಿದ ನೆಂಟರಿಷ್ಟರಿಗೆಲ್ಲ ನನ್ನಿಂದ ಒಂದೇ ಮಾತು ಬೇಕು: ‘ನಿನಗೇನೂ ಆಗಲ್ಲ, ಹೋಗಿ ಬಾ.’ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಯಾಕೆ ಎಂದು ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವ ಧಾಟಿಗೇ ನನಗೆ ಸಿಟ್ಟು ಬರುತ್ತದೆ. ದಿನಾ ಪ್ರಾಣಾಯಾಮ ಮಾಡ್ತೀನಿ, ಈಜ್ತೀನಿ, ಸಿಗರೇಟ್ ಮುಟ್ಟಿಲ್ಲ ಎಂದು ಪಟ್ಟಿ ಒಪ್ಪಿಸುತ್ತಾರೆ. ಎಲ್ಲರ ಲೆಕ್ಕವೂ ಎದೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೆ ಎಂಬುದರ ಮೇಲೇ. ಬೆಟ್ಟದ ಮೇಲೆ ಕೈಕೊಡುವುದು ರಕ್ತ ಹರಿಯುವ ದಾರಿ. ಅದು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಮೈಯ ಬೇರೆ ಭಾಗಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಅಲ್ಲಿನ ರಕ್ತನಾಳ ಹಿಗ್ಗಿ ಹೆಚ್ಚು ರಕ್ತ ಬಿಟ್ಟುಕೊಳ್ಳುತ್ತದೆ. ಶ್ವಾಸಕೋಶದ ನಾಳ ಕುಗ್ಗುತ್ತದೆ. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಯೋರಾನ್ ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳ ಮೇಲೆ ಇದನ್ನು ತೋರಿಸಿದರು: ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇಳಿಸಿದೊಡನೆ ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಏರಿತು. ಇದು ಜಾಣ ಏರ್ಪಾಡು. ಶ್ವಾಸಕೋಶದ ಒಂದು ಮೂಲೆಯಲ್ಲಿ ಕಫ ಕಟ್ಟಿಕೊಂಡಿದೆ ಎನ್ನಿ. ಆ ಮೂಲೆಗೆ ಹೋದ ರಕ್ತ ಆಮ್ಲಜನಕವಿಲ್ಲದೆ ಬರಿಗೈಯಲ್ಲಿ ವಾಪಸು ಬರುತ್ತದೆ. ಅದಕ್ಕೇ, ಬೆಳೆಯಿಲ್ಲದ ಗದ್ದೆಯ ತೂಬು ಮುಚ್ಚಿ ಬೆಳೆಯಿರುವ ಕಡೆಗೆ ನೀರು ತಿರುಗಿಸುವ ನೀರುಗಂಟಿಯ ಹಾಗೆ, ಆ ಮೂಲೆಯ ನಾಳ ತನ್ನನ್ನು ತಾನೇ ಬಿಗಿದುಕೊಂಡು ರಕ್ತವನ್ನು ಗಾಳಿಯಿರುವ ಕಡೆ ಕಳಿಸುತ್ತದೆ. ಇದನ್ನು ಮಾಡುವುದು ನಾಳದ ಗೋಡೆಯ ಸ್ನಾಯುಕೋಶ. ಆಮ್ಲಜನಕ ಇಳಿದರೆ ಅದರ ಪೊಟ್ಯಾಸಿಯಂ ಚಾನೆಲ್‌ಗಳು ಮುಚ್ಚಿಕೊಳ್ಳುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕೋಶ ಬಿಗಿಯುತ್ತದೆ. ನಾಳದಿಂದ ಬಿಡಿಸಿ ತಟ್ಟೆಯಲ್ಲಿ ಒಂಟಿಯಾಗಿ ಇಟ್ಟರೂ ಅದು ಹೀಗೇ ಮಾಡುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಡ. ನಿಮ್ಮ ಮನೋಬಲ ಅದಕ್ಕೆ ಗೊತ್ತೇ ಇಲ್ಲ.

ಈಗ ಲೇಹ್‌ಗೆ ಬನ್ನಿ. ಸುಮಾರು 3,500 ಮೀಟರ್ ಎತ್ತರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21, ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು. ಕೊರತೆ ಒಂದು ಮೂಲೆಯಲ್ಲಿಲ್ಲ, ಇಡೀ ಶ್ವಾಸಕೋಶದಲ್ಲಿದೆ. ತೂಬುಗಳೆಲ್ಲ ಒಟ್ಟಿಗೆ ಮುಚ್ಚತೊಡಗುತ್ತವೆ, ಆದರೆ ಒಂದೇ ಸಮನೆ ಮುಚ್ಚುವುದಿಲ್ಲ. ಸಡಿಲವಾಗಿ ಉಳಿದ ಕೆಲವು ನಾಳಗಳಿಗೆ ರಕ್ತವೆಲ್ಲ ನುಗ್ಗುತ್ತದೆ. ಅಲ್ಲಿನ ಲೋಮನಾಳಗಳ ಗೋಡೆ ಅತಿ ತೆಳು. ಒತ್ತಡ ತಾಳದೆ ಅದು ಬಿರಿಯುತ್ತದೆ, ನೀರು, ಪ್ರೋಟೀನು, ಕೆಂಪು ರಕ್ತಕಣಗಳು ಗಾಳಿಗೂಡುಗಳಿಗೆ ಜಿನುಗುತ್ತವೆ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಈ ಕಾಯಿಲೆಗೆ ವೈದ್ಯರು ಹೇಪ್ (HAPE) ಎನ್ನುತ್ತಾರೆ.

ತುಮಕೂರಿನಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕೂತಾಗ ನನ್ನ ಚಿಕ್ಕಪ್ಪನ ಮಗ ಪಕ್ಕದ ಎಲೆಗೆ ಬಂದ. ಮ್ಯಾರಥಾನ್ ಓಡುವ ಹುಡುಗ. ‘ಅಕ್ಕ, ನಾಡಿದ್ದು ಲೇಹ್‌ಗೆ ಫ್ಲೈಟು, ಮಾರನೇ ದಿನವೇ ಪ್ಯಾಂಗಾಂಗ್. ನನ್ನ ಲಂಗ್ಸಿಗೆ ಏನಾಗುತ್ತೆ ಹೇಳು?’ ಎಂದ. ಎರಡು ದಿನ ಲೇಹ್‌ನಲ್ಲೇ ಸುಮ್ಮನೆ ಬಿದ್ದಿರು, ಆಮೇಲೆ ಹತ್ತು ಎಂದೆ. ‘ಏಜೆಂಟು ಟೆಂಟ್ ಬುಕ್ ಮಾಡಿಬಿಟ್ಟಿದಾನೆ’ ಎಂದ. ಎದುರಿಗೆ ಕೂತಿದ್ದ ಮಾವ, ‘ಕರ್ಪೂರ ಮೂಸ್ತಾ ಹೋದ್ರೆ ಆಯ್ತಂತಲ್ಲಮ್ಮ’ ಎಂದರು. ಕರ್ಪೂರದಿಂದ ರಕ್ತಕ್ಕೆ ಒಂದಿಷ್ಟೂ ಆಮ್ಲಜನಕ ಸೇರುವುದಿಲ್ಲ ಮಾವ ಎಂದೆ. ಹೋಳಿಗೆ ಬಂತು, ಮಾತು ತಿರುಗಿತು.

ಪ್ಯಾಂಗಾಂಗ್ ಸರೋವರದ ದಂಡೆ 4,200 ಮೀಟರ್‌ಗೂ ಮೇಲೆ. ಆ ರಾತ್ರಿ ಅವನಿಗೆ ಒಣಕೆಮ್ಮು ಶುರುವಾಯಿತು. ಬೆಳಗಿನ ಹೊತ್ತಿಗೆ ಬೂಟಿನ ದಾರ ಕಟ್ಟಲು ಬಗ್ಗಿದರೂ ಏದುಸಿರು, ಕಫದಲ್ಲಿ ಗುಲಾಬಿ ನೊರೆ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ ಅರವತ್ತರ ಆಸುಪಾಸು. ಇದಕ್ಕೆ ಮೊದಲ ಮದ್ದು ಕೆಳಗಿಳಿಯುವುದು ಮತ್ತು ಆಮ್ಲಜನಕ. ಆದರೆ ಅಲ್ಲಿಂದ ಲೇಹ್‌ಗೆ ಇಳಿಯಬೇಕಾದರೆ ಮಾಮೂಲಿ ದಾರಿಯಲ್ಲಿ ಮೊದಲು 5,300 ಮೀಟರ್‌ಗೂ ಮೇಲಿರುವ ಚಾಂಗ್ ಲಾ ಎಂಬ ಬೆಟ್ಟದ ಪಾಸ್ ಹತ್ತಬೇಕು. ಟೂರ್ ಪ್ಯಾಕೇಜಿನ ಬಣ್ಣದ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಪಕ್ಕದ ಟೆಂಟಿನವರ ಬಳಿ ಸಿಲಿಂಡರ್ ಇತ್ತು, ಕೊಟ್ಟರು. ಬದುಕಿ ಬಂದ. ಆಮೇಲೆ ಚಿಕ್ಕಮ್ಮ ಫೋನಿನಲ್ಲಿ, ‘ಅಷ್ಟು ಓಡ್ತಿದ್ದನಲ್ಲೇ, ಅವನಿಗೇ ಹೀಗಾಯ್ತಲ್ಲ’ ಎಂದರು. ಓಟ ಅವನ ಕಾಲುಗಳನ್ನು ಗಟ್ಟಿ ಮಾಡಿತ್ತು, ಹೃದಯವನ್ನು ಗಟ್ಟಿ ಮಾಡಿತ್ತು. ಆ ನಾಳಗಳು ಎಷ್ಟು ಬಿಗಿಯುತ್ತವೆ ಎಂಬುದನ್ನು ಅದು ಬದಲಿಸುವುದಿಲ್ಲ. ಫಿಟ್ ಇರುವವರು ಮೊದಲ ದಿನವೇ ಹೆಚ್ಚು ಓಡಾಡುತ್ತಾರೆ, ದಣಿವಿಗೆ ಆ ಒತ್ತಡ ಇನ್ನೂ ಏರುತ್ತದೆ.

ನನ್ನ ಮಾತು ನಂಬದಿದ್ದರೆ ಸೈನ್ಯವನ್ನು ಕೇಳಿ. ಆಯ್ದು ತೆಗೆದ, ಕಟ್ಟುಮಸ್ತಾದ ಹುಡುಗರನ್ನು 1962ರ ಯುದ್ಧದ ಹೊತ್ತಿಗೆ ಅವಸರದಲ್ಲಿ ಹಿಮಾಲಯದ ಮೇಲಕ್ಕೆ ಕಳಿಸಬೇಕಾಯಿತು. ಅವರಿಗೆ ಏನಾಯಿತು ಎಂಬುದನ್ನು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1965ರಲ್ಲಿ ಹೇಪ್ ಬಗ್ಗೆ, 1969ರಲ್ಲಿ 1,925 ಸೈನಿಕರ ಎತ್ತರದ ಕಾಯಿಲೆಯ ಬಗ್ಗೆ ಬರೆದರು. ಬೆಟ್ಟದ ವೈದ್ಯಕೀಯ ಕಲಿಯುವವರು ಈಗಲೂ ಅವನ್ನು ಓದುತ್ತಾರೆ. ನಮ್ಮ ಸೈನಿಕರ ಶ್ವಾಸಕೋಶದಿಂದ ಜಗತ್ತು ಕಲಿತ ಪಾಠ ನಮ್ಮ ಟೂರಿಸ್ಟರಿಗೇ ತಲುಪಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

‘ಅಲ್ಲಿನವರಿಗೆ ಏನೂ ಆಗಲ್ವಲ್ಲ?’ ಅದೂ ಬಹುಮಟ್ಟಿಗೆ ಸರಿ. ಟಿಬೆಟಿನ ಜನರಲ್ಲಿ, ಆಮ್ಲಜನಕದ ಕೊರತೆಗೆ ಮೈ ಸ್ಪಂದಿಸುವ ರೀತಿಯನ್ನು ಪ್ರಭಾವಿಸುವ ಇಪಿಎಎಸ್1 ಎಂಬ ಜೀನಿನ ಬೇರೊಂದು ರೂಪ ವ್ಯಾಪಕವಾಗಿದೆ ಎಂದು 2010ರಲ್ಲಿ ಗೊತ್ತಾಯಿತು. ಸಾವಿರಾರು ವರ್ಷ ಅಲ್ಲೇ ಬಾಳಿದವರ ಮೈ ಅದು. ನಿಮ್ಮದು ಬೆಂಗಳೂರಿನ 900 ಮೀಟರ್‌ನಿಂದ ಅರ್ಧ ದಿನದಲ್ಲಿ ಹಾರಿ ಬಂದ ಮೈ. ಹೋಗಿ, ಖಂಡಿತ ಹೋಗಿ, ನೋಡಲೇಬೇಕಾದ ನಾಡು. ಮೊದಲ ಎರಡು ದಿನ ಲೇಹ್‌ನಲ್ಲೇ ಇರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮಾತ್ರೆಯ ವಿಷಯ ನಿಮ್ಮ ವೈದ್ಯರನ್ನು ಕೇಳಿ, ನನ್ನನ್ನಲ್ಲ.

ಇಷ್ಟು ವರ್ಷದಲ್ಲಿ ಯಾರಾದರೂ ಕೇಳಲಿ ಎಂದು ನಾನು ಕಾದ ಪ್ರಶ್ನೆ ಬೇರೆ ಇದೆ: ನಾವು ಹುಟ್ಟುವ ಮುಂಚೆ ಈ ನಾಳಗಳು ಏನು ಮಾಡುತ್ತಿದ್ದವು?

ಬಿಗಿದುಕೊಂಡೇ ಇದ್ದವು. ತಾಯಿಯ ಹೊಟ್ಟೆಯಲ್ಲಿ ಮಗುವಿನ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ಆಮ್ಲಜನಕ ಬರುವುದು ಮಾಸಿನಿಂದ. ಆದ್ದರಿಂದ ಹೃದಯ ಒತ್ತಿದ ರಕ್ತದ ಹೆಚ್ಚಿನ ಪಾಲು ಶ್ವಾಸಕೋಶದೊಳಗೆ ಹೋಗದೆ ಸುತ್ತುಬಳಸಿ ಹೋಗುತ್ತದೆ. ಮಗು ಹುಟ್ಟಿ ಮೊದಲ ಉಸಿರೆಳೆದಾಗ ಶ್ವಾಸಕೋಶ ಹಿಗ್ಗುತ್ತದೆ, ಆಮ್ಲಜನಕ ಏರುತ್ತದೆ, ನಾಳದ ಒಳಪದರದ ಎಂಡೋಥೀಲಿಯಲ್ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಪಕ್ಕದ ಸ್ನಾಯುಕೋಶ ಸಡಿಲವಾಗುತ್ತದೆ, ರಕ್ತ ಹಲವು ಪಟ್ಟು ಹೆಚ್ಚಾಗಿ ಹರಿಯುತ್ತದೆ. ಲೇಹ್‌ನಲ್ಲಿ ನಿಮ್ಮನ್ನು ಕಾಡುವ ಗುಣ ಒಂದು ಕಾಲಕ್ಕೆ ನಿಮ್ಮನ್ನು ಕಾಪಾಡಿತ್ತು.

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಈ ಬದಲಾವಣೆ ಕಷ್ಟ. ಆಸ್ಪತ್ರೆಯ ಐಸಿಯುನಲ್ಲಿ ಅದರ ಉಸಿರು ಆಗಾಗ ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ, ಅಲಾರಂ ಹೊಡೆಯುತ್ತದೆ, ನರ್ಸ್ ಆಮ್ಲಜನಕ ಏರಿಸುತ್ತಾರೆ, ಈಗ ಅದು ಹೆಚ್ಚಾಗುತ್ತದೆ. ದಿನವಿಡೀ ಹೀಗೆ. ಹೆಚ್ಚಾದರೆ ಕಣ್ಣಿನ ರೆಟಿನಾಕ್ಕೆ, ಬೆಳೆಯುವ ಶ್ವಾಸಕೋಶಕ್ಕೆ ಪೆಟ್ಟು. ಕಡಿಮೆಯಾದರೆ ಜೀವಕ್ಕೇ ಅಪಾಯ. ಅಲ್ಲಿ ನಿಂತ ತಾಯಂದಿರು ಕೇಳುತ್ತಾರೆ, ‘ಆಮ್ಲಜನಕ ಒಳ್ಳೇದಲ್ವಾ, ಯಾಕೆ ಕಡಿಮೆ ಮಾಡ್ತಾರೆ?’ ಎಂದು. ಇದು ಸರಿಯಾದ ಪ್ರಶ್ನೆ.

ನನ್ನ ಕೆಲಸ ಇರುವುದೇ ಆ ಏರಿಳಿತದಲ್ಲಿ. ಆಮ್ಲಜನಕ ಇಳಿದಾಗ ಕೋಶದಲ್ಲಿ ಹಿಫ್ ಎಂಬ ಪ್ರೋಟೀನು ಕೂಡಿಕೊಂಡು ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಇದನ್ನು ಬಿಡಿಸಿದ್ದಕ್ಕೆ ಸೆಮೆನ್ಜಾ, ಕೇಲಿನ್, ರ‍್ಯಾಟ್‌ಕ್ಲಿಫ್ ಮೂವರಿಗೆ 2019ರ ನೊಬೆಲ್ ಬಂತು. ಆಮ್ಲಜನಕ ಮರಳಿದರೆ ಕೆಲವೇ ನಿಮಿಷಗಳಲ್ಲಿ ಹಿಫ್ ಕರಗಿಹೋಗುತ್ತದೆ. ಕೋಶಗಳ ತಟ್ಟೆಯನ್ನು, ಆಮ್ಲಜನಕ ಕಡಿಮೆಯಿರುವ ಮುಚ್ಚಿದ ಪೆಟ್ಟಿಗೆಯಿಂದ ಮೇಜಿಗೆ ತಂದು, ಮುಚ್ಚಳ ತೆಗೆದು, ಪಿಪೆಟ್ ಹುಡುಕುವಷ್ಟರಲ್ಲಿ ನೋಡಬೇಕಾದದ್ದು ಇರುವುದಿಲ್ಲ. ಅದಕ್ಕೇ ಪೆಟ್ಟಿಗೆಯ ಗೋಡೆಗೆ ಜೋಡಿಸಿದ ಗ್ಲೌಸಿನೊಳಗೆ ಕೈ ತೂರಿಸಿ, ಅಲ್ಲೇ, ಆಮ್ಲಜನಕ ಕಡಿಮೆಯಿರುವಾಗಲೇ ಕೋಶಗಳನ್ನು ಒಡೆಯುತ್ತೇವೆ. ತಟ್ಟೆಯ ಪ್ಲಾಸ್ಟಿಕ್ ಕೂಡ ಹೀರಿಟ್ಟುಕೊಂಡ ಆಮ್ಲಜನಕವನ್ನು ಮೆಲ್ಲಗೆ ಬಿಡುತ್ತಿರುತ್ತದೆ, ಅದನ್ನೂ ಮೊದಲೇ ಒಳಗಿಟ್ಟು ಖಾಲಿ ಮಾಡಿಸಬೇಕು. ಒಂದೇ ಸಮನೆ ಕಡಿಮೆ ಆಮ್ಲಜನಕದಲ್ಲಿಟ್ಟ ಕೋಶದ ನಡತೆಯೇ ಬೇರೆ, ಏರಿಳಿತದಲ್ಲಿಟ್ಟ ಕೋಶದ ನಡತೆಯೇ ಬೇರೆ. ಆಮ್ಲಜನಕ ಪ್ರತಿ ಸಲ ಮರಳುವಾಗ ಕೋಶಕ್ಕೆ ಹೊಸದಾಗಿ ಆಕ್ಸಿಡೀಕರಣದ ಏಟು ಬೀಳುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆಯವರ ಶ್ವಾಸಕೋಶದಲ್ಲೂ ರಾತ್ರಿಯಿಡೀ ಇಂಥದೇ ಏರಿಳಿತ. ಮುಂದಿನ ಸಲ ಎಲೆಯ ಮುಂದೆ ಸಿಕ್ಕಾಗ ಇದನ್ನು ಕೇಳಿ. ಹೋಳಿಗೆ ಬಂದರೂ ಮಾತು ನಿಲ್ಲಿಸುವುದಿಲ್ಲ.