‘ಸಾಹೇಬ್ರು ಹೇಳಿದಾರೆ’ ಅಂತ ಎಷ್ಟು ಕಮ್ಮಿ ಹೇಳ್ತೀರೋ ಅಷ್ಟು ಒಳ್ಳೇದು

ಕಾರವಾರದಲ್ಲಿ ಒಬ್ರು ಎಂಡಿಗೆ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಆಗಿದೀನಿ. ಊರಲ್ಲಿ ಹೇಳಿದ್ರೆ "ಅಂದ್ರೆ ಪಿಎ ಅಲ್ವಾ, ಫೋನ್ ಎತ್ತೋ ಕೆಲ್ಸ" ಅಂತಾರೆ. ಹೌದು ಮಾರಾಯ್ರೆ, ಫೋನೂ ಎತ್ತೋದೇ. ಮೊನ್ನೆ ನಮ್ಮಲ್ಲಿ ಹೊಸದಾಗಿ ಡೈರೆಕ್ಟರ್ ಒಬ್ರ ಹತ್ರ ಸೇರಿದ ಹುಡುಗಿ ಕೇಳಿದ್ಲು, ಅಕ್ಕಾ ದೊಡ್ಡೋರೆಲ್ಲ ನಿಮ್ಮ ಮಾತು ಹೆಂಗೆ ಕೇಳ್ತಾರೆ ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ಈ ಕೆಲ್ಸಕ್ಕೆ ಬಂದೋರಿಗೆ ಮೊದ್ಲು ಸಿಗೋ ಅಸ್ತ್ರ "ಸಾಹೇಬ್ರು ಹೇಳಿದಾರೆ". ಒಂದ್ಸಲ ಅಂದ್ರೆ ಸಾಕು, ಅಕೌಂಟ್ಸೂ ಓಡತ್ತೆ ಸೈಟೂ ಓಡತ್ತೆ. ಆದ್ರೆ ಅದು ಎರವಲು ಬಂಗಾರ ಹಾಕ್ಕೊಂಡು ಮದ್ವೆಗೆ ಹೋದ ಹಾಗೆ. ಯಾವತ್ತೋ ಒಂದಿನ ಅಕೌಂಟ್ಸ್ ಹೆಡ್ಡು "ಸರ್ ನೀವು ಇದನ್ನ ಇವತ್ತೇ ಬೇಕು ಅಂದ್ರಂತೆ" ಅಂತ ಅವ್ರನ್ನೇ ಕೇಳ್ತಾರೆ, ಅವ್ರು "ನಾನೆಲ್ಲಿ ಹೇಳಿದೆ" ಅಂತಾರೆ, ಅಲ್ಲಿಗೆ ಮುಗೀತು, ಆಮೇಲೆ ನೀವು ನಿಜವಾಗ್ಲೂ ಅವ್ರ ಮಾತು ತಗೊಂಡು ಹೋದ್ರೂ ಯಾರೂ ನಂಬಲ್ಲ. ಅದಕ್ಕೆ ನಾನು "ಸಾಹೇಬ್ರು ಕೇಳಿಲ್ಲ, ನಾಳೆ ಮೀಟಿಂಗಲ್ಲಿ ಕೇಳ್ಬಹುದು ಅನ್ನಿಸ್ತು, ನಾನೇ ಕೇಳ್ತಿದೀನಿ" ಅಂತ ಬಾಯ್ಬಿಟ್ಟು ಹೇಳ್ತೀನಿ. ಕೆಲವ್ರು ತಡ ಮಾಡ್ತಾರೆ, ಮಾಡ್ಲಿ.

ಇನ್ನೊಂದು, ಕೆಟ್ಟ ಸುದ್ದಿ. ನಮ್ಮ ಕಡೆ ಮಳೆಗಾಲದಲ್ಲಿ ಇದಕ್ಕೇನೂ ಬರ ಇಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದ್ ಆಯ್ತು, ಕುಮಟಾ ಕಡೆಯಿಂದ ಬರೋರೆಲ್ಲ ಸುತ್ತು ಹಾಕೋ ಹಾಗಾಯ್ತು. ತಿಂಗ್ಳು ತುಂಬೋದ್ರೊಳಗೆ ಆಗಸ್ಟ್ 7ರ ಮಧ್ಯರಾತ್ರಿ ಕಾರವಾರದಿಂದ ಗೋವಾಕ್ಕೆ ಹೋಗೋ ದಾರೀಲಿರೋ ಕಾಳಿ ನದಿ ಹಳೇ ಸೇತುವೆ ಬಿತ್ತು, ಲಾರಿ ಒಂದು ನೀರಿಗೆ ಹೋಯ್ತು, ಡ್ರೈವರ್ ಬದುಕಿದ್ದು ಪುಣ್ಯ. ಅವತ್ತೇ ಗೋವಾ ಏರ್‌ಪೋರ್ಟಿಗೆ ನಮ್ಮ ಗೆಸ್ಟ್ ಬರೋರಿದ್ರು. ಇಂಥಾ ಹೊತ್ತಲ್ಲಿ "ಸರ್ ಸೇತುವೆ ಬಿತ್ತಂತೆ, ಎಂತ ಮಾಡೋದು?" ಅಂತ ಮೆಸೇಜ್ ಹಾಕಿದ್ರೆ ಅವ್ರ ತಲೆನೋವು ಒಂದಿದ್ದಿದ್ದು ಎರಡಾಗತ್ತೆ. ನಾನು ಹಾಕಿದ್ದು ಇಷ್ಟೇ: ಆಗಿದ್ದೆಂತ, ನಮ್ಮವ್ರು ಯಾರು ಆ ದಡದಲ್ಲಿದ್ದಾರೆ, ನಾನು ಈಗಾಗ್ಲೇ ಎಂತ ತಡೆದಿಟ್ಟಿದೀನಿ, ನೀವು ಎಷ್ಟು ಗಂಟೆಯೊಳಗೆ ಎಂತ ತೀರ್ಮಾನ ಹೇಳ್ಬೇಕು. ಗೆಸ್ಟನ್ನ ಗೋವಾದಲ್ಲೇ ಉಳಿಸಿ ಮೀಟಿಂಗ್ ವಿಡಿಯೋ ಕಾಲಲ್ಲಿ ಮಾಡೋದಾ ಅಂತ ಕೇಳಿದ್ದಕ್ಕೆ "ಮಾಡು" ಅಂತ ಒಂದೇ ಶಬ್ದದ ಉತ್ತರ. ಅವ್ರ ಕೈಲಿ ಒಂದೇ ಶಬ್ದದಲ್ಲಿ ಉತ್ತರ ಕೊಡೋ ಹಾಗೆ ಪ್ರಶ್ನೆ ಕೇಳೋಕೆ ಬಂದ್ರೆ ಅರ್ಧ ಕೆಲ್ಸ ಆದ ಹಾಗೆ.

ಸಣ್ಣ ವಿಷಯದಲ್ಲೇ ನಂಬಿಕೆ ಹುಟ್ಟೋದು. 2023ರ ಜನವರಿಯಿಂದ ಗೋವಾಕ್ಕೆ ಎರಡು ಏರ್‌ಪೋರ್ಟು, ದಾಬೋಲಿಂ ಮತ್ತೆ ಮೋಪಾ. ಬೆಂಗ್ಳೂರಲ್ಲಿ ಟಿಕೆಟ್ ಬುಕ್ ಮಾಡೋರಿಗೆ ಎರಡೂ ‘ಗೋವಾ’ನೇ, ಯಾವ್ದು ಕಮ್ಮಿ ರೇಟೋ ಅದು. ಆದ್ರೆ ಮೋಪಾ ಇರೋದು ಮಹಾರಾಷ್ಟ್ರದ ಗಡಿ ಹತ್ರ, ಕಾರವಾರದಿಂದ ಹೊರಟ್ರೆ ಇಡೀ ಗೋವಾ ದಾಟ್ಬೇಕು. ನಾನು ಟಿಕೆಟ್ ರೇಟಿನ ಪಕ್ಕಕ್ಕೆ ಕಾರಿನ ಖರ್ಚು, ಮನೆ ಬಿಡೋ ಹೊತ್ತು ಎರಡೂ ಬರೆದು ಕಳಿಸ್ತಿದ್ದೆ. ಸಾಹೇಬ್ರು ಸ್ವಲ್ಪ ದಿನ ನೋಡಿದ್ರು, ಆಮೇಲೆ "ಟ್ರಾವೆಲ್ ನನ್ನ ಕೇಳ್ದೆ ಫೈನಲ್ ಮಾಡು" ಅಂದ್ರು. ಅದಾದ್ಮೇಲೆ ಕ್ಯಾಲೆಂಡರ್. ಅದಾದ್ಮೇಲೆ ಯಾವ ಫೈಲ್ ಮೊದ್ಲು ಅನ್ನೋದು. ಪ್ರಮೋಷನ್ ಲೆಟರ್ ಯಾರೂ ಕೊಟ್ಟಿಲ್ಲ ಬಿಡಿ, ಸಂಬಳದ ಕಥೆ ಬೇರೆ!

ಸಾಹೇಬ್ರ ಮಾತು ನಮಗೆ ಒಪ್ಪಿಗೆ ಇಲ್ದಿದ್ರೆ ಅದನ್ನೂ ಹೇಳ್ಬೇಕು, ಆದ್ರೆ ಅವ್ರು ಒಬ್ರೇ ಇದ್ದಾಗ, ತೀರ್ಮಾನ ಆಗೋಕೆ ಮೊದ್ಲು, ಒಂದೇ ಸಲ. ಚೇಂಬರಲ್ಲಿ ಕೇಳಿದ್ದು ಕ್ಯಾಂಟೀನ್ ತನಕ ಬರ್ಬಾರ್ದು ಅನ್ನೋದನ್ನ ಬೇರೆ ಹೇಳ್ಬೇಕಾಗಿಲ್ಲ.

ಈಗ ಹೆಂಗಾಗಿದೆ ಅಂದ್ರೆ ಅದೇ ಅಕೌಂಟ್ಸ್ ಹೆಡ್ಡು ರಿವ್ಯೂ ಮೀಟಿಂಗ್‌ಗೆ ಮೊದ್ಲು ಶೀಟ್ ಕಳ್ಸಿ "ಇದ್ರಲ್ಲಿ ಎಂತ ಕೇಳ್ತಾರೆ ನೋಡಿ ಮೇಡಂ" ಅಂತಾರೆ. ನಾನು ಬರ್ಬಹುದಾದ ಪ್ರಶ್ನೆ ಹೇಳ್ತೀನಿ, ಉತ್ತರ ಹೇಳಲ್ಲ, ಯಾಕಂದ್ರೆ ನಂಬರ್ ಅವ್ರದ್ದು, ಅದಕ್ಕೆ ಜವಾಬು ಕೊಡ್ಬೇಕಾದೋರೂ ಅವ್ರೇ.