ಬೇಲಿ ದಾಟಿ ಬಂದ ವೈರು

2022ರ ಡಿಸೆಂಬರ್ 3, ಶನಿವಾರ. ಸಂಜೆ ಏಳು ದಾಟಿತ್ತು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಮೂರ್ ಕೌಂಟಿಯ (ಕೌಂಟಿ ಅಂದರೆ ಜಿಲ್ಲೆ ಇದ್ದ ಹಾಗೆ) ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಮಳೆ ಇಲ್ಲ, ಗಾಳಿ ಇಲ್ಲ. ಹತ್ತು ನಿಮಿಷದಲ್ಲಿ ಬರುತ್ತೆ ಅಂದುಕೊಂಡೆವು. ಬಂದದ್ದು ಬುಧವಾರ.

ಯಾರೋ ಎರಡು ವಿದ್ಯುತ್ ಸಬ್‌ಸ್ಟೇಷನ್‌ಗಳಿಗೆ ಗುಂಡು ಹೊಡೆದಿದ್ದರು. ಸುಮಾರು 45,000 ಮನೆ, ಅಂಗಡಿಗಳು ಕತ್ತಲಲ್ಲಿ. ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ನಮ್ಮದು ಒಲೆಯೂ ಕರೆಂಟಿನದೇ, ಹೀಟರೂ ಕರೆಂಟಿನದೇ. ಕಾರಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡೆವು, ಕೈಯೂ ಬೆಚ್ಚಗಾಯಿತು.

ಭಾನುವಾರ ಪಕ್ಕದ ಮನೆಯ ಹಿರಿಯರು ತಮ್ಮ ಜನರೇಟರ್‌ನಿಂದ ಕಿತ್ತಳೆ ಬಣ್ಣದ ವೈರೊಂದನ್ನು ಬೇಲಿ ದಾಟಿಸಿದರು. "ಫ್ರಿಜ್ಜಿಗೆ ಹಾಕಿಕೊಳ್ಳಿ. ಹೀಟರ್ ಬೇಡ, ತಡೆಯಲ್ಲ." ಹಾಗೇ ನಿಂತು ಇನ್ನೊಂದು ಮಾತು: "ಇದು ಎಡಪಂಥದವರ ಕೆಲಸ. ನಮ್ಮ ಹೆಸರು ಕೆಡಿಸೋಕೆ." ಅವರ ಅಂಗಳದಲ್ಲಿ ಟ್ರಂಪ್ ಬೋರ್ಡು ಇನ್ನೂ ಇತ್ತು.

ನನ್ನ ಲೆಕ್ಕ ಉಲ್ಟಾ. ಕರೆಂಟು ಹೋದ ಸಂಜೆಯೇ ನಮ್ಮ ಕೌಂಟಿಯ ಸದರ್ನ್ ಪೈನ್ಸ್ ಊರಿನ ಥಿಯೇಟರಿನಲ್ಲಿ ಡ್ರ್ಯಾಗ್ ಶೋ, ಅಂದರೆ ಹೆಚ್ಚಾಗಿ ಗಂಡಸರು ಹೆಣ್ಣುವೇಷ ಹಾಕಿ ಹಾಡಿ ಕುಣಿಯುವ ಪ್ರದರ್ಶನ ಇತ್ತು, ಅದಕ್ಕೆ ಮೊದಲಿನಿಂದಲೂ ವಿರೋಧ. (ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನನಗೆ ಆ ಜಗಳವೇ ವಿಚಿತ್ರ.) ಅದನ್ನು ನಿಲ್ಲಿಸೋಕೆ ಬಲಪಂಥದ ಉಗ್ರರೇ ಹೀಗೆ ಮಾಡಿದರು ಅಂತ ನಾನು ತೀರ್ಮಾನಿಸಿ ಆಗಿತ್ತು. ಅದಕ್ಕೆ ಸಾಕ್ಷಿ ಸಿಕ್ಕಿಲ್ಲ ಅಂತ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಹೇಳಿದರೂ ಕೇಳಿಸಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಫ್ರಿಜ್ಜಿನಲ್ಲಿ ಮಗುವಿನ ಹಾಲಿತ್ತು, ವೈರು ಅವರದು.

2020ರಲ್ಲಿ ರಿಪಬ್ಲಿಕನ್ ಟ್ರಂಪ್‌ಗೂ ಎದುರು ಪಕ್ಷದ ಡೆಮಾಕ್ರಟ್ ಗವರ್ನರ್‌ಗೂ ಒಟ್ಟಿಗೇ ಗೆಲುವು ಕೊಟ್ಟ ರಾಜ್ಯ ಇದು. ಇಲ್ಲಿ ಇಂಥ ಸುಮ್ಮನಿರುವಿಕೆ ಎಲ್ಲರಿಗೂ ಅಭ್ಯಾಸ.

2023ರ ಫೆಬ್ರವರಿಯಲ್ಲಿ ಬಾಲ್ಟಿಮೋರ್ ಸುತ್ತಲಿನ ಸಬ್‌ಸ್ಟೇಷನ್‌ಗಳ ಮೇಲೆ ದಾಳಿಗೆ ಸಂಚು ಮಾಡಿದ ಇಬ್ಬರನ್ನು ಎಫ್‌ಬಿಐ ಹಿಡಿಯಿತು. ಒಬ್ಬ ನಿಯೋ ನಾಜಿ ಗುಂಪು, ಅಂದರೆ ಹಿಟ್ಲರ್‌ನನ್ನು ಮೆಚ್ಚುವ ಬಲಪಂಥದ ಉಗ್ರರ ಗುಂಪು ಕಟ್ಟಿದವನು. "ನೋಡಿದ್ಯಾ" ಅಂತ ಹೆಂಡತಿಯ ಮುಂದೆ ಬೀಗಿದೆ. "ಅದು ಬೇರೆ ಊರು ಕಣ್ರೀ, ಬೇರೆ ಕೇಸು" ಅಂದಳು. ಹೌದಲ್ವಾ. ನಮ್ಮ ಕೇಸಿನಲ್ಲಿ ಎರಡು ವರ್ಷ ಕಳೆದರೂ ಯಾರನ್ನೂ ಬಂಧಿಸಿರಲಿಲ್ಲ. ಅವತ್ತು ಕರೆಂಟಿಲ್ಲದೆ ಆಮ್ಲಜನಕದ ಯಂತ್ರ ನಿಂತು ತೀರಿಕೊಂಡ ಹಿರಿಯ ಮಹಿಳೆಯ ಸಾವನ್ನು ಮಾತ್ರ 2023ರಲ್ಲಿ ಕೊಲೆ ಎಂದು ದಾಖಲಿಸಿದರು.

ಅವತ್ತು ಬುಧವಾರ ಕರೆಂಟು ಬಂದ ಮೇಲೆ ವೈರು ಸುತ್ತಿ ವಾಪಸ್ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ಇಟ್ಟುಕೊಂಡಿರಿ. ಮತ್ತೆ ಬೇಕಾದೀತು."